ಸ್ಲಬ್ ನೂಲು: ಮಾಸ್ತರ್‌ಗೆ ಕೇಳಿ

ಅಡ್ಮಿನ್: ಈ ವಾರದ ವಿಷಯ ಸ್ಲಬ್. ನೂಲು ಪರೀಕ್ಷೆಯೇ ಉದ್ಯೋಗವಾಗಿರುವ ನಮ್ಮ ಮಾಸ್ತರ್ ಉತ್ತರ ಕೊಡ್ತಾರೆ. ಕೇಳುವ ಮೊದಲು ಮೇಲಿನದನ್ನು ಓದಿ.

ಗೃಹಿಣಿ, ಧಾರವಾಡ: ಮಾಸ್ತರ್ರೇ, ನಮಸ್ಕಾರ. ಖಾದಿ ಸೀರೆ ತಂದಿದ್ದೇನೆ. ಅಲ್ಲಲ್ಲಿ ದಪ್ಪ ಎಳೆ ಎದ್ದು ಕಾಣುತ್ತದೆ. ಅಂಗಡಿಯವರು "ಸ್ಲಬ್ ಅದು, ಇರೋದೇ" ಅಂದರು. ಡಿಫೆಕ್ಟ್ ಪೀಸ್ ಕೊಟ್ಟಿರಬಹುದಾ?

ಮಾಸ್ತರ್: ನಮಸ್ಕಾರ ರೀ. ಡಿಫೆಕ್ಟ್ ಅಲ್ಲ. ಒಂದೇ ಸಮ ಬಂದ ನೂಲು ನಡುವೆ ದಪ್ಪವಾಗಿ ಮತ್ತೆ ಸಣ್ಣಗಾಗುವ ಜಾಗಕ್ಕೆ ಸ್ಲಬ್ ಅಂತಾರೆ. ಕೈಯಲ್ಲಿ ಹಂಜಿ ಎಳೆದು ನೂಲುವಾಗ ಎಳೆತ ಸ್ವಲ್ಪ ಹೆಚ್ಚುಕಡಿಮೆ ಆಗಿಯೇ ಆಗುತ್ತದೆ. ಧೈರ್ಯವಾಗಿ ಉಡಿ.

ಸದಸ್ಯ, ಹುಬ್ಬಳ್ಳಿ: (ಬಂದ ಮೆಸೇಜ್) "ಸ್ಲಬ್ ಇದ್ದರೆ ಅಸಲಿ ಕೈಮಗ್ಗ. ದಪ್ಪ ಎಳೆಗಳನ್ನು ಬ್ಲೇಡಿನಿಂದ ಕೆರೆದು, ರಾತ್ರಿ ಉಪ್ಪು-ವಿನೆಗರ್ ನೀರಲ್ಲಿ ನೆನೆಸಿದರೆ ಸೀರೆ ನುಣುಪಾಗುತ್ತದೆ. ಎಲ್ಲರಿಗೂ ಕಳಿಸಿ."

ಮಾಸ್ತರ್: ದಯವಿಟ್ಟು ಯಾರೂ ಬ್ಲೇಡ್ ಮುಟ್ಟಬೇಡಿ. ನೂಲಿನ ಹುರಿ, ಅಂದರೆ ತಿರುಚು, ಯಾವಾಗಲೂ ಸಣ್ಣ ಜಾಗಕ್ಕೆ ಓಡುತ್ತದೆ, ದಪ್ಪ ಜಾಗದಲ್ಲಿ ಹುರಿ ಕಡಿಮೆ. ಹಾಗಾಗಿ ಸ್ಲಬ್ ಮೆತ್ತಗಿರುತ್ತದೆ. ಅದನ್ನು ಕೆರೆದರೆ ಎಳೆಯೇ ಹೋಗುತ್ತದೆ, ಎರಡು ಒಗೆತಕ್ಕೆ ಅಲ್ಲೇ ತೂತು. ಉಪ್ಪಿಗೂ ವಿನೆಗರಿಗೂ ನೂಲಿನ ದಪ್ಪಕ್ಕೂ ಸಂಬಂಧವೇ ಇಲ್ಲ. ಈ ಮೆಸೇಜ್ ಡಿಲೀಟ್ ಮಾಡಿ.

ಟೇಲರ್, ಹಾವೇರಿ: ಸರ್, ಸ್ಲಬ್ ಇದ್ದರೆ ಕೈಮಗ್ಗ ಅಂತ ಗ್ಯಾರಂಟಿನಾ?

ಮಾಸ್ತರ್: ಇಲ್ಲ. ಮಿಲ್ಲಿನವರು ನೂಲುವ ಮಷೀನಿನ ರೋಲರ್ ವೇಗ ಬದಲಿಸಿ ಬೇಕಂತಲೇ ಸ್ಲಬ್ ಮಾಡ್ತಾರೆ.

ನೇಕಾರ, ಬೆಟಗೇರಿ: ಮಾಸ್ತರ್, ನನ್ನದು ತುರ್ತು. 40ರ ನಂಬರಿನ ಸಣ್ಣ ನೂಲು ತಂದು ಹಾಸಿನಲ್ಲಿ, ಅಂದರೆ ಉದ್ದದ ಎಳೆಗೆ, ಏರಿಸಿದ್ದೇನೆ. ಬಾಚಣಿಗೆಯಂಥ ಫಣಿ ಹತ್ತಿರ ಎಳೆ ಕಡಿಯುತ್ತಲೇ ಇದೆ, ಅರ್ಧ ದಿನ ಗಂಟು ಹಾಕೋದರಲ್ಲೇ ಹೋಯಿತು. ವ್ಯಾಪಾರಿಗೆ ಫೋನ್ ಮಾಡಿದರೆ "ಅದು ಸ್ಲಬ್ ಅಣ್ಣಾ, ಈಗ ಅದೇ ಫ್ಯಾಶನ್" ಅಂತಾನೆ. ನಾನು ಕೇಳಿದ್ದು ಸಾದಾ ನೂಲು.

ಮಾಸ್ತರ್: ತಮ್ಮಾ, ಮೊದಲು ಮಗ್ಗ ನಿಲ್ಲಿಸು. ಇದು ನನಗೆ ಸರಿ ಕಾಣುತ್ತಿಲ್ಲ. ಸ್ಲಬ್ ನೂಲು ಹೊಕ್ಕಿಗೆ, ಅಂದರೆ ಅಡ್ಡ ಎಳೆಗೆ, ನಡೆಯುತ್ತದೆ. ಲಾಳಿಯಲ್ಲಿ ಬಂದು ಬಟ್ಟೆಯಲ್ಲಿ ಮಲಗಿಬಿಡುತ್ತದೆ, ಅಷ್ಟು ಜಗ್ಗಾಟ ಇಲ್ಲ. ಹಾಸಿನ ಎಳೆ ಹಾಗಲ್ಲ, ನೇಯ್ದು ಮುಗಿಯುವ ತನಕ ಫಣಿಯ ಸಂದಿನಲ್ಲಿ ಉಜ್ಜಿಸಿಕೊಳ್ಳುತ್ತದೆ. ದಪ್ಪ ಜಾಗ ಸಂದಿನಲ್ಲಿ ಸಿಕ್ಕರೆ ಹುರಿ ಕಡಿಮೆ ಇರುವ ಆ ಜಾಗವೇ ಹಿಂಜಿಹೋಗುತ್ತದೆ.

ಈಗ ಹೇಳಿದಂತೆ ಮಾಡು. ಉಳಿದ ಕೋನಿನಿಂದ ಒಂದಿಷ್ಟು ನೂಲು ತೆಗೆದು ಕಪ್ಪು ರಟ್ಟಿಗೆ ಒಂದರ ಪಕ್ಕ ಒಂದು ಸುತ್ತು. ಬಿಸಿಲಿನ ಕಡೆ ಹಿಡಿದು ನೋಡು. ದಪ್ಪ ಕಂಡ ಜಾಗವನ್ನು ಉಗುರಿನಿಂದ ತಳ್ಳು. ಎಳೆಯ ಮೇಲೆ ಜಾರಿದರೆ ಅದು ಸ್ಲಬ್ ಅಲ್ಲ, ಮಿಲ್ಲಿನಲ್ಲಿ ಹಾರಾಡುವ ಧೂಳುಹತ್ತಿ ಸುತ್ತಿಕೊಂಡಿದ್ದು. ಜಾರದಿದ್ದರೆ ಹುರಿ ಬಿಚ್ಚು. ಎಳೆಗಳು ಮೆತ್ತಗೆ ಒಟ್ಟಾಗಿ ಬಿಚ್ಚಿಕೊಂಡರೆ ಸ್ಲಬ್. ಚಿಕ್ಕ ಗುಂಡು ಗಂಟಿನ ಹಾಗೆ ಬಿಗಿದುಕೊಂಡಿದ್ದರೆ ಅದಕ್ಕೆ ನೆಪ್ ಅಂತಾರೆ, ಸರಿಯಾಗಿ ಬಲಿಯದ ಹತ್ತಿ ಸೇರಿದಾಗ ಜಾಸ್ತಿ, ಬಣ್ಣ ಹಾಕಿದ ಮೇಲೆ ಬಿಳಿ ಚುಕ್ಕಿಯಾಗಿ ಉಳಿಯುತ್ತದೆ.

ಕೊನೆಗೆ ಒಂದು ದಪ್ಪ ಜಾಗದಿಂದ ಮುಂದಿನದಕ್ಕೆ ಎಷ್ಟು ದೂರ ಅಂತ ಅಳತೆ ಪಟ್ಟಿ ಇಟ್ಟು ನೋಡು. ಬೇಕಂತ ಮಾಡಿದ ಸ್ಲಬ್‌ನಲ್ಲಿ ಈ ದೂರವನ್ನು ಒಂದೇ ಸಮ ಇಡೋದಿಲ್ಲ, ಇಟ್ಟರೆ ಬಟ್ಟೆಯ ಮೇಲೆ ಪಟ್ಟೆ ಬೀಳುತ್ತದೆ. ಅಳತೆ ಬರೆದು ಹಾಕು, ಕಾಯ್ತೇನೆ.

ಕಾಲೇಜು ವಿದ್ಯಾರ್ಥಿನಿ, ಗದಗ: ಸರ್, ಸ್ಲಬ್ ಟೀ ಶರ್ಟ್‌ಗೆ ಇಸ್ತ್ರಿ ಎಷ್ಟು ಬಿಸಿ ಇರಬೇಕು?

ಸದಸ್ಯ, ಹುಬ್ಬಳ್ಳಿ: ನಮ್ಮ ಬೆಂಗೇರಿಯಲ್ಲಿ ರಾಷ್ಟ್ರಧ್ವಜದ ಬಟ್ಟೆ ನೇಯ್ತಾರೆ, ಅದರಲ್ಲೂ ಸ್ಲಬ್ ಇರುತ್ತಲ್ವಾ?

ಸದಸ್ಯ, ಬಾಗಲಕೋಟೆ: ಬೆಂಗೇರಿಯಲ್ಲಿ ಬಣ್ಣ, ಹೊಲಿಗೆ, ಚಕ್ರದ ಮುದ್ರಣ. ನೇಯೋದು ನಮ್ಮ ತುಳಸಿಗೇರಿಯಲ್ಲಿ. ಗೊತ್ತಿಲ್ಲದೆ ಬರೀಬೇಡಿ.

ಸದಸ್ಯ, ಹುಬ್ಬಳ್ಳಿ: ಗೊತ್ತಿದ್ದೇ ಬರೆದದ್ದು. ಧ್ವಜ ಮಾಡುವ ಖಾದಿ ಸಂಘ ಹುಬ್ಬಳ್ಳಿಯದು ತಾನೇ?

ಸದಸ್ಯೆ, ಗರಗ: ಗರಗದ ಖಾದಿ ಹೆಸರು ಇಬ್ಬರಿಗೂ ನೆನಪಾಗಲಿಲ್ಲ ನೋಡಿ. ನಮ್ಮ ಕಡೆ ಹೆಂಗಸರು ನೂತ ನೂಲಿಗೆ ಲೆಕ್ಕವೇ ಇಲ್ಲವಾ?

ಸದಸ್ಯ, ಬಾಗಲಕೋಟೆ: ಅಕ್ಕಾ, ನಿಮ್ಮನ್ನು ಯಾರು ಬೇಡ ಅಂದರು?

ಅಡ್ಮಿನ್: ಊರಿನ ಜಗಳ ಬೇರೆ ಕಡೆ. ಇಲ್ಲಿ ನೂಲು ಮಾತ್ರ.

ಮಾಸ್ತರ್: ಮೂರೂ ಊರಿನ ಕೆಲಸ ಇದೆ, ಬಿಡಿ. ಧ್ವಜದ ಬಟ್ಟೆಗೆ ನೂಲು, ನೇಯ್ಗೆ, ತೂಕ, ಬಣ್ಣ ಎಲ್ಲಕ್ಕೂ ಸರ್ಕಾರದ ಅಳತೆ ಇದೆ. ಸೀರೆಯಲ್ಲಿ ನಡೆಯುವ ಏರಿಳಿತ ಅಲ್ಲಿ ನಡೆಯೋದಿಲ್ಲ.

ಸದಸ್ಯೆ, ಹಾವೇರಿ: ಡುಪಿಯಾನ್ ರೇಷ್ಮೆಯಲ್ಲಿ ಉಬ್ಬು ಗೆರೆ ಇದೆ. ಮೋಸನಾ?

ಮಾಸ್ತರ್: ಅಲ್ಲ. ಎರಡು ಹುಳು ಸೇರಿ ಒಂದೇ ಗೂಡು ಕಟ್ಟಿದಾಗ ಎಳೆ ಸಿಕ್ಕಾಗಿ ಹಾಗೆ ಬರುತ್ತದೆ.

ಸೀರೆ ವ್ಯಾಪಾರಿ, ಹುಬ್ಬಳ್ಳಿ: ಒಂದು ಎಳೆ ಸುಟ್ಟು ನೋಡಿ, ಕೈಮಗ್ಗವೋ ಅಲ್ಲವೋ ತಕ್ಷಣ ಗೊತ್ತಾಗುತ್ತದೆ.

ಮಾಸ್ತರ್: ಗೊತ್ತಾಗೋದಿಲ್ಲ. ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಬೆಂಕಿ ಹೇಳೋದು ಅಷ್ಟೇ. ಮಗ್ಗ ಯಾವುದು ಅಂತ ಬೂದಿಯಲ್ಲಿ ಎಲ್ಲಿ ಬರೆದಿರುತ್ತದೆ? ವ್ಯಾಪಾರ ಮಾಡುವವರೇ ಹೀಗೆ ಹೇಳಿದರೆ ಕೊಳ್ಳುವವರು ಏನು ಮಾಡಬೇಕು? 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ, ಖಾದಿಗೆ ಖಾದಿ ಮಾರ್ಕ್ ಇದೆ. ಗ್ರಾಹಕರಿಗೆ ಆ ಚೀಟಿ ತೋರಿಸಿ.

ಸೀರೆ ವ್ಯಾಪಾರಿ, ಹುಬ್ಬಳ್ಳಿ: ನಾವೂ ಅಪ್ಪನ ಕಾಲದಿಂದ ಇದೇ ವ್ಯಾಪಾರದಲ್ಲಿ ಇದ್ದೇವೆ ಸರ್, ಮಾತು ನೋಡಿ ಆಡಿ.

ಟೇಲರ್, ಬ್ಯಾಡಗಿ: ಸ್ಲಬ್ ಇದ್ದರೆ ಕೈಮಗ್ಗ ಅಂತ ಅರ್ಥ ಅಲ್ವಾ ಸರ್?

ಮಾಸ್ತರ್: ಉತ್ತರ ಮೇಲಿದೆ.

ಸದಸ್ಯೆ, ಗದಗ: ಫಿಟಕರಿ ನೀರಲ್ಲಿ ನೆನೆಸಿದರೆ ಸ್ಲಬ್ ಹೋಗುತ್ತೆ ಅಂತ ಇನ್ನೊಂದು ಗುಂಪಿನಲ್ಲಿ...

ಮಾಸ್ತರ್: ಹೋಗೋದಿಲ್ಲ. ನೂಲುವಾಗ ಬಂದ ದಪ್ಪ ಯಾವ ನೀರಿಗೂ ಹೋಗೋದಿಲ್ಲ. ಇಂಥವನ್ನು ಇಲ್ಲಿ ತಂದು ಹಾಕಬೇಡಿ.

ಕಾಲೇಜು ವಿದ್ಯಾರ್ಥಿನಿ, ಗದಗ: ಇಸ್ತ್ರಿ ಸರ್?

ನೇಕಾರ, ಬೆಟಗೇರಿ: ಮಾಸ್ತರ್, ನೋಡಿದೆ. ದಪ್ಪ ಜಾಗ ಜಾರೋದಿಲ್ಲ, ಬಿಚ್ಚಿದರೆ ಮೆತ್ತಗಿದೆ. ಎಲ್ಲಿ ಅಳೆದರೂ ದೂರ ಹೆಚ್ಚುಕಡಿಮೆ 8 ಸೆಂಟಿಮೀಟರ್. ಬೇರೆ ಕೋನ್ ತೆಗೆದೆ, ಅದರಲ್ಲೂ ಅಷ್ಟೇ.

ಮಾಸ್ತರ್: ಹಾಗಿದ್ದರೆ ಇದು ಫ್ಯಾಶನ್ ಅಲ್ಲ, ಮಿಲ್ಲಿನ ದೋಷ. ನೂಲುವ ಮಷೀನಿನ ಮುಂದಿನ ರೋಲರ್ ಸಾಮಾನ್ಯವಾಗಿ 25 ಮಿಲಿಮೀಟರ್ ದಪ್ಪ, ಅದರ ಸುತ್ತಳತೆ 8 ಸೆಂಟಿಮೀಟರ್ ಹತ್ತಿರ. ರೋಲರ್ ಸೊಟ್ಟಗಿದ್ದರೆ ಪ್ರತಿ ಸುತ್ತಿಗೂ ಒಂದು ದಪ್ಪ, ಒಂದು ಸಣ್ಣ. ಈ ನೂಲನ್ನು ಹೊಕ್ಕಿಗೂ ಹಾಕಬೇಡ, ಪಟ್ಟೆ ಬೀಳುತ್ತದೆ. ಕೋನಿನ ಒಳಗಿನ ಚೀಟಿ ಮತ್ತು ಚೀಲದ ಮೇಲಿನ ಲಾಟ್ ನಂಬರಿನ ಫೋಟೋ ತೆಗೆದಿಡು. ಆ ಲಾಟನ್ನು ಬೇರೆಯದರ ಜೊತೆ ಬೆರೆಸಬೇಡ. ಕಪ್ಪು ರಟ್ಟು ಬಿಚ್ಚದೆ ಹಾಗೇ ವ್ಯಾಪಾರಿ ಮುಂದೆ ಇಡು, ಅವನ ಕೈಯಲ್ಲೇ ಅಳತೆ ಪಟ್ಟಿ ಕೊಡು. ಏರಿಸಿದ ಹಾಸಿನ ನಷ್ಟವನ್ನೂ ಕೇಳು, ಸುಮ್ನೆ ಬಿಡಬೇಡ.

ನೇಕಾರ, ಬೆಟಗೇರಿ: ನಾಳೆ ಬೆಳಿಗ್ಗೆ ಹೋಗ್ತೇನೆ. ಅವ ಒಪ್ಪದಿದ್ದರೆ?

ಮಾಸ್ತರ್: ಅಲ್ಲಿಂದಲೇ ಫೋನ್ ಮಾಡು, ನಾನು ಮಾತಾಡ್ತೇನೆ.