ಪುಣೆಯಲ್ಲಿ ಬಾಡಿಗೆ ಮನೆಗೆ ಆಧಾರ್: ಕಪ್ಪು ಬಳಿದರೆ ಸಾಕೇ?

ಪ್ರಶ್ನೆ (ಕೋಥ್ರೂಡ್): ಏಜೆಂಟರು, ಸೊಸೈಟಿಯವರು ಎಲ್ಲರೂ ವಾಟ್ಸಾಪ್‌ನಲ್ಲೇ ಆಧಾರ್ ಫೋಟೊ ಕೇಳ್ತಾರೆ. ನಂಬರಿನ ಮೇಲೆ ಕಪ್ಪು ಬಳಿದು ಕಳಿಸಬಹುದಾ?

ಉತ್ತರ 1: ಸಾಲದು ಸರ್. ನಂಬರು ಹಿಂಬದಿಯಲ್ಲೂ ಇರುತ್ತೆ. ತೀರಾ ಹಳೇ ಕಾರ್ಡಾದರೆ ಕ್ಯೂಆರ್ ಕೋಡ್‌ನೊಳಗೂ ಪೂರ್ತಿ ನಂಬರು ಕೂತಿರುತ್ತೆ. ಆಧಾರ್ ಪ್ರಾಧಿಕಾರದ ಮೈಆಧಾರ್ ತಾಣಕ್ಕೆ ಓಟಿಪಿ ಹಾಕಿ ಹೋಗಿ, ಡೌನ್‌ಲೋಡ್ ಮಾಡುವಾಗ 'ಮಾಸ್ಕ್ಡ್' ಟಿಕ್ ಮಾಡಿ. ಕೊನೆಯ 4 ಅಂಕಿ ಮಾತ್ರ ಕಾಣುತ್ತೆ. ಆ ಫೈಲ್ ತೆರೆಯೋ ಪಾಸ್‌ವರ್ಡ್: ಹೆಸರಿನ ಮೊದಲ 4 ಇಂಗ್ಲಿಷ್ ದೊಡ್ಡಕ್ಷರ, ಅದಕ್ಕಂಟಿ ಹುಟ್ಟಿದ ವರ್ಷ. ಮುದ್ರಿಸಿದ ಪ್ರತಿಯ ಮೇಲೆ ಅಡ್ಡಡ್ಡ 'ಬಾಡಿಗೆ ಕರಾರಿಗೆ ಮಾತ್ರ' ಅಂತ ತಾರೀಖು ಹಾಕಿ ಬರೆಯಿರಿ.

ಉತ್ತರ 2: ಇದಕ್ಕಿಂತ ಮುಖ್ಯ, ಬಯೋಮೆಟ್ರಿಕ್ ಲಾಕ್, ಅಂದರೆ ಆಧಾರ್‌ನಲ್ಲಿರೋ ನಿಮ್ಮ ಬೆರಳಚ್ಚು, ಕಣ್ಣಿನ ಗುರುತನ್ನು ಯಾರೂ ಬಳಸದಂತೆ ಬೀಗ ಹಾಕೋದು. ನಕಲಿ ಬೆರಳಚ್ಚಿನಿಂದ ಖಾತೆಯ ಹಣ ಎತ್ತುವುದು ಇದರಿಂದ ತಪ್ಪುತ್ತೆ. ಓಟಿಪಿ ಎಂದಿನಂತೆ ನಡೆಯುತ್ತೆ. ಆದರೆ ಮಹಾರಾಷ್ಟ್ರದಲ್ಲಿ ಲೀವ್ ಅಂಡ್ ಲೈಸೆನ್ಸ್ (ಬಾಡಿಗೆ ಕರಾರು) ಆನ್‌ಲೈನ್ ನೋಂದಣಿಗೆ ಹೆಬ್ಬೆಟ್ಟು ಒತ್ತಬೇಕಲ್ಲ, ಲಾಕ್ ಇದ್ದರೆ ಯಂತ್ರ ಒಪ್ಪಲ್ಲ. ಏಜೆಂಟರು ಯಂತ್ರ ಕೆಟ್ಟಿದೆ ಅಂದುಕೊಂಡು ಹತ್ತು ಸಲ ಬೆರಳು ಒರೆಸಿಸ್ತಾರೆ. ಮೈಆಧಾರ್ ತಾಣದಲ್ಲಿ ಲಾಕ್ ತಾತ್ಕಾಲಿಕವಾಗಿ ತೆರೆಯಿರಿ, ಆಮೇಲೆ ತಾನೇ ಮುಚ್ಚಿಕೊಳ್ಳುತ್ತೆ. ಆಧಾರ್ ನಂಬರನ್ನೇ ಲಾಕ್ ಮಾಡೋದು ಬೇರೆ; ಅದಕ್ಕೆ ಮುಂಚೆ ಆಧಾರ್ ನಂಬರಿನ ಬದಲು ಕೊಡಬಹುದಾದ 16 ಅಂಕಿಯ ವಿಐಡಿ (ವರ್ಚುವಲ್ ಐಡಿ) ಮಾಡಿಟ್ಟುಕೊಳ್ಳಿ.

ಉತ್ತರ 3: ಇಷ್ಟೆಲ್ಲ ಭಾರ ಜನರ ಮೇಲೇ ಬೀಳೋದು ತಪ್ಪು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಪ್ರಶ್ನಿಸಿ ಹಾಕಿದ ಅರ್ಜಿಯಲ್ಲೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. ಆದರೆ ಜನರ ಖಾಸಗಿ ಮಾಹಿತಿ ಕಾಯಲು ಬಂದ 2023ರ ದತ್ತಾಂಶ ಕಾಯ್ದೆಯ 17ನೇ ಕಲಮಿನಡಿ ಕೇಂದ್ರ ಸರ್ಕಾರ ತನ್ನ ಸಂಸ್ಥೆಗಳಿಗೆ ಅಧಿಸೂಚನೆಯಿಂದಲೇ ಆ ಕಾಯ್ದೆಯಿಂದ ವಿನಾಯಿತಿ ಕೊಡಬಹುದು. ಸೊಸೈಟಿ ಸೆಕ್ರೆಟರಿಯನ್ನು ಪ್ರಶ್ನಿಸಿದಷ್ಟೇ ಗಟ್ಟಿಯಾಗಿ ಆ ಕಲಮನ್ನೂ ಪ್ರಶ್ನಿಸಬೇಕು.