ಮನೆಯಲ್ಲೇ ಓದುವ ಮಕ್ಕಳಿಗೆ ನಮ್ಮ ಭಾಗದ ಪ್ರಾಚೀನ ಸ್ಥಳಗಳ ಪ್ರವಾಸ: ಯಾವ ಕ್ರಮದಲ್ಲಿ ಹೋಗಬೇಕು?

ಪ್ರಶ್ನೆ: ಕಲಬುರಗಿಯ ತಾಯಿ

ಎಲ್ಲರಿಗೂ ನಮಸ್ಕಾರ. ನಾವು ಕಲಬುರಗಿಯವರು. ಮಗಳಿಗೆ 12 ವರ್ಷ, ಮಗನಿಗೆ 8. ಇಬ್ಬರನ್ನೂ ಮನೆಯಲ್ಲೇ ಓದಿಸುತ್ತಿದ್ದೇವೆ. ಮಗಳನ್ನು ಮುಂದೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಿಸಬೇಕೆಂದಿದ್ದೇವೆ. ಅಲ್ಲಿ ಭಾರತೀಯ ಸಂಸ್ಕೃತಿ ಮತ್ತು ಪರಂಪರೆ ಎಂಬ ಐಚ್ಛಿಕ ವಿಷಯವಿರುವುದರಿಂದ ಈಗಿನಿಂದಲೇ ಅವಳಿಗೆ ಇತಿಹಾಸದಲ್ಲಿ ಆಸಕ್ತಿ ಮೂಡಲಿ ಎಂಬುದು ನನ್ನ ಆಸೆ.

ಪುಸ್ತಕದಲ್ಲಿ ಅಶೋಕನ ಪಾಠ ಬಂದಾಗ ಮಕ್ಕಳು ಅವನನ್ನು ದೂರದ ಪಾಟಲಿಪುತ್ರದ ರಾಜ ಎಂದಷ್ಟೇ ತಿಳಿಯುತ್ತಾರೆ. ಅವನ ಶಾಸನ ನಮ್ಮ ಜಿಲ್ಲೆಯ ಸನ್ನತಿಯಲ್ಲೇ ಸಿಕ್ಕಿದೆ ಎಂದು ಹೇಳಿದಾಗ ಮಗಳು ನಂಬಲೇ ಇಲ್ಲ. ಆದ್ದರಿಂದ ಈ ವರ್ಷ ಇತಿಹಾಸವನ್ನು ಸ್ಥಳಕ್ಕೆ ಹೋಗಿಯೇ ಕಲಿಸಬೇಕೆಂದು ನಿಶ್ಚಯಿಸಿದ್ದೇವೆ. ನಾನು ಹಾಕಿಕೊಂಡಿರುವ ಯೋಜನೆ ಕಾಲಾನುಕ್ರಮದ್ದು: ಮೊದಲು ಹುಣಸಗಿ ಹತ್ತಿರದ ಇಸಾಂಪುರ, ಆಮೇಲೆ ಶಹಾಪುರದ ಸಮೀಪದ ವಿಭೂತಿಹಳ್ಳಿ, ನಂತರ ಸನ್ನತಿ ಮತ್ತು ಕನಗನಹಳ್ಳಿ, ಮಳಖೇಡ, ಬಸವಕಲ್ಯಾಣ, ನಮ್ಮೂರಿನ ಕೋಟೆ, ಕೊನೆಗೆ ಬೀದರ್.

ಈ ಕ್ರಮ ಸರಿಯೇ? 8 ವರ್ಷದ ಹುಡುಗನಿಗೆ ಇದು ಹಿಡಿಸುತ್ತದೆಯೇ? ಹೋಗುವ ಮೊದಲು ಎಷ್ಟು ಓದಿಸಬೇಕು, ಅಲ್ಲಿ ಏನು ಮಾಡಿಸಬೇಕು? ಶ್ರಾವಣ ಮುಗಿದ ಮೇಲೆ ಆರಂಭಿಸುವ ವಿಚಾರವಿದೆ. ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಶಿಕ್ಷಕ, ಶಹಾಪುರ

ತಾಯಿ, ತಮ್ಮ ವಿಚಾರ ಓದಿ ಸಂತೋಷವಾಯಿತು. ಸ್ಥಳಗಳ ಆಯ್ಕೆ ಚೆನ್ನಾಗಿದೆ. ಕ್ರಮವನ್ನು ಮಾತ್ರ ಪೂರ್ತಿ ತಿರುಗಿಸಿ ಎಂದು ನಾನು ಹೇಳುತ್ತೇನೆ.

ಕಾರಣ ಇಷ್ಟೇ. ಇಸಾಂಪುರ ಪ್ರಪಂಚದ ವಿದ್ವಾಂಸರೆಲ್ಲ ಬಲ್ಲ ಸ್ಥಳ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಲ್ಲಿ ಉತ್ಖನನ ನಡೆಸಿ, ಆದಿಮಾನವರು ಸುಣ್ಣಕಲ್ಲಿನ ಹಾಸುಗಳನ್ನು ಒಡೆದು ಕೈಕೊಡಲಿಗಳನ್ನು ಮಾಡುತ್ತಿದ್ದ ಜಾಗವನ್ನೇ ಬೆಳಕಿಗೆ ತಂದರು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಿ ಅದರ ಕಾಲ ಸುಮಾರು 12 ಲಕ್ಷ ವರ್ಷ ಹಿಂದಿನದು ಎಂದು ಲೆಕ್ಕ ಹಾಕಲಾಗಿದೆ. ಆದರೆ ಇಂದು ಅಲ್ಲಿಗೆ ಹೋದ ಮಗುವಿಗೆ ಕಾಣುವುದು ಹೊಲ ಮತ್ತು ಕಲ್ಲು. ಮೊದಲ ಪ್ರವಾಸದಲ್ಲೇ ಹುಡುಗ ‘ಇಲ್ಲೇನೂ ಇಲ್ಲವಲ್ಲ’ ಎಂದುಕೊಂಡರೆ ಮುಂದಿನ ಸ್ಥಳಗಳಿಗೆ ಅವನನ್ನು ಉತ್ಸಾಹದಿಂದ ಹೊರಡಿಸುವುದು ಕಷ್ಟ.

ಕಾಲಾನುಕ್ರಮ ಮನೆಯ ಗೋಡೆಯ ಮೇಲೆ ಇರಲಿ. ಉದ್ದನೆಯ ಕಾಗದ ಅಂಟಿಸಿ, ಪ್ರತಿ ಪ್ರವಾಸದ ನಂತರ ಆ ಸ್ಥಳವನ್ನು ಅದರ ಶತಮಾನದ ಎದುರು ಮಕ್ಕಳೇ ಬರೆಯಲಿ. ಪ್ರವಾಸದ ಕ್ರಮವನ್ನು ಕಣ್ಣಿಗೆ ಎಷ್ಟು ಉಳಿದಿದೆ ಎಂಬುದರ ಮೇಲೆ ಹಾಕಿಕೊಳ್ಳಿ: ಪೂರ್ತಿ ನಿಂತಿರುವುದು ಮೊದಲು, ಅರ್ಧ ಬಿದ್ದಿರುವುದು ನಂತರ, ಕುರುಹು ಮಾತ್ರ ಉಳಿದಿರುವುದು ಕೊನೆಗೆ. ಪೂರ್ತಿ ಕಟ್ಟಡವನ್ನು ನೋಡಿ ಕಣ್ಣು ಪಳಗಿದ ಮಗು ಆಮೇಲೆ ಬರಿಯ ಅಡಿಪಾಯ ನೋಡಿಯೂ ಮೇಲೆ ಏನಿದ್ದಿರಬಹುದೆಂದು ಊಹಿಸಬಲ್ಲದು.

ಹಾಗಾಗಿ ತಮ್ಮ ಊರಿನ ಕೋಟೆಯಿಂದಲೇ ಆರಂಭಿಸಿ. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದಾಗ ಕಲಬುರಗಿಯೇ ರಾಜಧಾನಿಯಾಯಿತು. ಕೋಟೆಯೊಳಗಿನ ಜಾಮಾ ಮಸೀದಿ 1367ರದು. ಸಾಮಾನ್ಯವಾಗಿ ದೊಡ್ಡ ಮಸೀದಿಗಳ ನಡುವೆ ಇರುವ ತೆರೆದ ಅಂಗಳ ಇದಕ್ಕಿಲ್ಲ. ಇಡೀ ಕಟ್ಟಡಕ್ಕೆ ಮೇಲ್ಛಾವಣಿ ಇದೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಬೇಡಿ. ‘ಬೇರೆ ಮಸೀದಿಗಳಿಗೂ ಇದಕ್ಕೂ ಏನು ವ್ಯತ್ಯಾಸ?’ ಎಂದು ಕೇಳಿ, ಅವರೇ ಕಂಡುಹಿಡಿಯುವವರೆಗೆ ಕಾಯಿರಿ. ಮಗಳು ಕಮಾನುಗಳ ಚಿತ್ರ ಬರೆಯಲಿ, ಮಗ ಹೊರಗೆ ನಿಂತು ಗುಮ್ಮಟಗಳನ್ನು ಎಣಿಸಲಿ. ಬುರುಜಿನ ಮೇಲಿನ ಉದ್ದನೆಯ ತೋಪನ್ನು ಹೆಜ್ಜೆಯಲ್ಲಿ ಅಳೆಯಲಿ. ಸೇಡಂ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸನ್ನತಿಗೆ ಹೋಗುವ ಹಿಂದಿನ ವಾರ ತೋರಿಸಿ.

ಸನ್ನತಿಗೆ ಒಂದು ಪೂರ್ತಿ ದಿನ ಬೇಕೇ ಬೇಕು. ಕಲಬುರಗಿಯಿಂದ ಸುಮಾರು 60 ಕಿ.ಮೀ., ಭೀಮಾ ನದಿಯ ದಂಡೆ. 1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿದ್ದ ಕಾಳಿಯ ಗುಡಿಯ ಛಾವಣಿ ಕುಸಿದು ಮೂರ್ತಿ ಒಡೆಯಿತು. ಅದನ್ನು ತೆರವು ಮಾಡುವಾಗ, ಮೂರ್ತಿಯ ಕೆಳಗೆ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನ ಎಂಬುದು ತಿಳಿಯಿತು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಕ್ರಿ.ಪೂ. 3ನೆಯ ಶತಮಾನ. ಒಂದು ಬದಿಗೆ 12 ಮತ್ತು 14ನೆಯ ಬಂಡೆಗಲ್ಲು ಶಾಸನಗಳು, ಇನ್ನೊಂದು ಬದಿಗೆ ಅದಕ್ಕೂ ಮೊದಲು ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಸಿಕ್ಕಿದ್ದ ಪ್ರತ್ಯೇಕ ಶಾಸನಗಳು. 12ನೆಯದು ತನ್ನ ಪಂಥವನ್ನು ಹೊಗಳಿಕೊಂಡು ಪರರ ಪಂಥವನ್ನು ಹೀಗಳೆಯಬಾರದು ಎನ್ನುತ್ತದೆ. ಪ್ರತ್ಯೇಕ ಶಾಸನದಲ್ಲಿ ಪ್ರಜೆಗಳೆಲ್ಲ ತನ್ನ ಮಕ್ಕಳೆಂದು ಅರಸ ಹೇಳುತ್ತಾನೆ. ಇಷ್ಟು ಅರ್ಥವನ್ನು ಮಕ್ಕಳಿಗೆ ಸರಳವಾಗಿ ಹೇಳಿಯೇ ಕರೆದುಕೊಂಡು ಹೋಗಬೇಕು, ಏಕೆಂದರೆ ಇಲ್ಲಿ ಕಣ್ಣೊಂದೇ ಸಾಲದು.

ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಮಹಾಸ್ತೂಪವನ್ನು ಅಗೆದು ತೆಗೆಯಿತು. ಅಲ್ಲಿ ಸಿಕ್ಕ ಒಂದು ಶಿಲ್ಪಫಲಕದಲ್ಲಿ ರಾಜ, ರಾಣಿ ಮತ್ತು ಸೇವಕಿಯರಿದ್ದಾರೆ. ಅದರ ಮೇಲೆ ಬ್ರಾಹ್ಮಿಯಲ್ಲಿ ‘ರಾಯೊ ಅಸೋಕೊ’ ಎಂದು ಬರೆದಿದೆ. ಅಶೋಕನ ಹೆಸರನ್ನು ಹೊತ್ತ ಇಂಥ ಶಿಲ್ಪ ನಮ್ಮ ನೆಲದಲ್ಲಿ ದೊರೆತದ್ದು ಸಾಮಾನ್ಯ ಸಂಗತಿಯಲ್ಲ. ಆ ಕೆಲವೇ ಅಕ್ಷರಗಳನ್ನು ಮನೆಯಲ್ಲಿ ಮೊದಲೇ ಕಲಿಸಿ. ನಮ್ಮ ಕನ್ನಡ ಲಿಪಿಯ ಮೂಲವೂ ಬ್ರಾಹ್ಮಿಯೇ ಆದ್ದರಿಂದ ಕಾಗುಣಿತ ಬಲ್ಲ ಮಗುವಿಗೆ ಅದು ಬೇಗ ಹತ್ತುತ್ತದೆ. 2000 ವರ್ಷ ಹಿಂದೆ ಒಬ್ಬ ಕಲ್ಲುಕುಟಿಗ ಕೆತ್ತಿದ್ದನ್ನು ತಾನೇ ಓದಿದ ಮಗುವಿಗೆ ಅಶೋಕನನ್ನು ಮತ್ತೆ ಬಾಯಿಪಾಠ ಮಾಡಿಸುವ ಅಗತ್ಯ ಬೀಳುವುದಿಲ್ಲ.

ಉತ್ತರ: ಬೀದರ್‌ನಿಂದ ಒಬ್ಬ ತಂದೆ

ಗುರುಗಳು ಹೇಳಿದ ಕ್ರಮವನ್ನು ನಾನೂ ಒಪ್ಪುತ್ತೇನೆ. ನಮ್ಮ ಮಗಳೂ ಮನೆಯಲ್ಲೇ ಓದುತ್ತಾಳೆ. ಒಂದು ಮಾತನ್ನು ಮಾತ್ರ ಸೇರಿಸಬೇಕೆನಿಸುತ್ತದೆ: ಬಿದ್ದ ಕಟ್ಟಡ ಕೆಲವೊಮ್ಮೆ ನಿಂತ ಕಟ್ಟಡಕ್ಕಿಂತ ಹೆಚ್ಚು ಕಲಿಸುತ್ತದೆ, ಮತ್ತು ಅದನ್ನು ತೋರಿಸಲು ಬೀದರ್‌ನಷ್ಟು ಒಳ್ಳೆಯ ಊರು ಇಲ್ಲ.

ಅಷ್ಟೂರಿನ ಗೋರಿಗಳನ್ನೇ ನೋಡಿ. ಅಹ್ಮದ್ ಶಾ ವಲಿಯ ಗೋರಿಯ ಒಳಗೆ ಚಾವಣಿಯ ತುಂಬ ಬಣ್ಣದ ಚಿತ್ತಾರವಿದೆ. ಟಾರ್ಚ್ ಒಯ್ದರೆ ಚೆನ್ನಾಗಿ ಕಾಣುತ್ತದೆ. ಅದೇ ಸಾಲಿನ ಹುಮಾಯೂನ್ ಬಹಮನಿಯ ಗೋರಿ ಸಿಡಿಲು ಬಡಿದು ಸೀಳಿತೆಂದು ಹೇಳುತ್ತಾರೆ. ಅರ್ಧ ಗುಮ್ಮಟ ಬಿದ್ದು, ಉಳಿದರ್ಧ ಕೊಯ್ದ ಈರುಳ್ಳಿಯಂತೆ ತೆರೆದುಕೊಂಡಿದೆ. ಗೋಡೆ ಎಷ್ಟು ದಪ್ಪ, ಇಟ್ಟಿಗೆಯನ್ನು ಹೇಗೆ ಜೋಡಿಸಿದ್ದಾರೆ, ಗುಮ್ಮಟ ಮೇಲಕ್ಕೆ ಹೋದಂತೆ ಹೇಗೆ ಬಾಗುತ್ತದೆ ಎಂಬುದೆಲ್ಲ ಬರಿಗಣ್ಣಿಗೆ ಕಾಣುತ್ತದೆ. ಮೊದಲು ಪೂರ್ತಿ ಗುಮ್ಮಟದ ಕೆಳಗೆ ಮಕ್ಕಳನ್ನು ನಿಲ್ಲಿಸಿ, ಆಮೇಲೆ ಇದರ ಎದುರಿಗೆ ತನ್ನಿ.

ಮಹಮೂದ್ ಗಾವಾನನ ಮದರಸಾ 1472ರದು. ಇರಾನಿನ ಗೀಲಾನಿನಿಂದ ಬಂದು ಬಹಮನಿಯರ ಪ್ರಧಾನಿಯಾದ ಅವನು ಅಲ್ಲಿ ವಿದ್ಯಾರ್ಥಿಗಳಿಗೆ ಕೊಠಡಿಗಳನ್ನೂ ಗ್ರಂಥಾಲಯವನ್ನೂ ಕಟ್ಟಿಸಿದ. ಸುಳ್ಳು ಪತ್ರದ ಆಧಾರದ ಮೇಲೆ 1481ರಲ್ಲಿ ಅವನಿಗೆ ಮರಣದಂಡನೆಯಾಯಿತು. 1696ರಲ್ಲಿ ಒಳಗಿದ್ದ ಮದ್ದು ಸಿಡಿದು ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಉಳಿದ ಒಂದು ಮಿನಾರಿನ ಮೇಲೆ ಬಣ್ಣದ ಹೆಂಚಿನ ಚೂರುಗಳು ಇನ್ನೂ ಇವೆ. ಹಾರಿಹೋದ ಅರ್ಧವನ್ನು ಕಾಗದದ ಮೇಲೆ ಪೂರ್ತಿ ಮಾಡಲು ಮಕ್ಕಳಿಗೆ ಹೇಳಿ. ಎರಡು ಬದಿಗೂ ಸಮನಾದ ಕಟ್ಟಡವಾದ್ದರಿಂದ 8 ವರ್ಷದವನೂ ಇದನ್ನು ಮಾಡಬಲ್ಲ, ಗಣಿತದ ಸಮಮಿತಿಯ ಪಾಠವೂ ಆಗುತ್ತದೆ.

ಕೋಟೆಗೆ ಪ್ರತ್ಯೇಕ ದಿನವನ್ನಿಡಿ. ಜಂಬಿಟ್ಟಿಗೆ ಕಲ್ಲನ್ನೇ ಕಡಿದು ತೋಡಿದ ಮೂರು ಸಾಲಿನ ಕಂದಕವನ್ನು ನೋಡಿದ ಮೇಲೆ ನೌಬಾದಿನ ಕರೇಜ್ ತೋರಿಸಿ. ಅದೇ ಕಲ್ಲಿನೊಳಗೆ ಸುರಂಗ ತೋಡಿ, ಅಲ್ಲಲ್ಲಿ ಬಾವಿಯಂಥ ಗಾಳಿಕಿಂಡಿ ಬಿಟ್ಟು, ನೀರು ತಾನಾಗಿ ಇಳಿಜಾರಿಗೆ ಹರಿದುಬರುವಂತೆ ಮಾಡಿದ ವ್ಯವಸ್ಥೆ ಅದು. ಕಿಂಡಿಗಳ ಹತ್ತಿರ ಮಕ್ಕಳ ಕೈ ಬಿಡಬಾರದು. ಸಮಯ ಉಳಿದರೆ ಬಿದ್ರಿ ಕೆಲಸಗಾರರ ಅಂಗಡಿಯಲ್ಲಿ ಕುಳಿತು, ಸತು ಮತ್ತು ತಾಮ್ರದ ಮಿಶ್ರಲೋಹ ಕೋಟೆಯ ಮಣ್ಣಿನಿಂದ ಕಪ್ಪಾಗುವುದನ್ನೂ ಅದರ ಮೇಲೆ ಬೆಳ್ಳಿಯ ತಂತಿ ಹೊಳೆಯುವುದನ್ನೂ ನೋಡಲಿ. ನಮ್ಮ ಮಗಳು ಅಲ್ಲಿಂದ ಏಳಲು ಒಪ್ಪಲೇ ಇಲ್ಲ.

ಕಲಬುರಗಿಯಿಂದ ಈಗ ರೈಲು ಇದೆ. ಆದರೆ ದಾರಿಯಲ್ಲಿ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಗುಡಿ ನೋಡಬೇಕಾದರೆ ವಾಹನ ಮಾಡಿಕೊಂಡು ಬರುವುದು ಒಳ್ಳೆಯದು. ಅಲ್ಲಿಯ ಒಬ್ಬ ಶಿಲಾಬಾಲಿಕೆ ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಶಾಸನವನ್ನು ಬರೆಯುತ್ತ ನಿಂತಿದ್ದಾಳೆ. ಬ್ರಾಹ್ಮಿ ಕಲಿತ ಮಕ್ಕಳು ಅವಳನ್ನು ನೋಡಲೇಬೇಕು.

ಮರುಪ್ರಶ್ನೆ: ಕಲಬುರಗಿಯ ತಾಯಿ

ಇಬ್ಬರಿಗೂ ಅನಂತ ವಂದನೆಗಳು. ಕ್ರಮವನ್ನು ತಿರುಗಿಸಿದ್ದೇನೆ. ಆದರೆ ಮಳಖೇಡದ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲಿ ನೋಡಲು ಹೆಚ್ಚೇನೂ ಇಲ್ಲವೆಂದು ಕೆಲವರು ಹೇಳುತ್ತಾರೆ, ಅದನ್ನು ಬಿಡಬಹುದೇ? ವಿಭೂತಿಹಳ್ಳಿ, ಇಸಾಂಪುರಗಳಿಗೆ ಯಾವ ತಿಂಗಳು ಹೋಗಬೇಕೆಂಬುದನ್ನೂ ಗುರುಗಳು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಸೇಡಂನ ಓದುಗ

ಮಳಖೇಡವನ್ನು ದಯವಿಟ್ಟು ಬಿಡಬೇಡಿರಿ, ಅಕ್ಕಾ. ಕಾಗಿಣಾ ದಂಡೆಯ ಈ ಊರೇ ಅಮೋಘವರ್ಷ ನೃಪತುಂಗನ ಮಾನ್ಯಖೇಟ. ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಲ್ಲಿ; ಗಣಿತಜ್ಞ ಮಹಾವೀರಾಚಾರ್ಯನಿಗೆ ಆಶ್ರಯ ಕೊಟ್ಟವನೂ ಅವನೇ. 972ರಲ್ಲಿ ಪರಮಾರರ ಸೀಯಕ ಈ ನಗರವನ್ನು ಲೂಟಿ ಮಾಡಿದ. ಇಂದು ಕಾಣುವ ಕೋಟೆಯಲ್ಲಿ ನಂತರದ ಕಾಲದ ಕೆಲಸವೇ ಹೆಚ್ಚು, ಅದನ್ನು ಮಕ್ಕಳಿಗೆ ಸ್ಪಷ್ಟವಾಗಿ ಹೇಳಬೇಕು. ಇಡೀ ದಖ್ಖನ್ನನ್ನು ಆಳಿದ ರಾಜಧಾನಿಯಲ್ಲಿ ಇಷ್ಟು ಕಡಿಮೆ ಏಕೆ ಉಳಿದಿದೆ ಎಂಬ ಪ್ರಶ್ನೆಯನ್ನು ತಮ್ಮ ಮಗಳ ವಯಸ್ಸಿನವರು ಗಂಭೀರವಾಗಿ ಯೋಚಿಸಬಲ್ಲರು. ಬೆಳಗ್ಗೆ ಕೋಟೆ ಮತ್ತು ನೇಮಿನಾಥ ಬಸದಿ ನೋಡಿ, ಮಧ್ಯಾಹ್ನ ನದಿಯ ದಂಡೆಯಲ್ಲಿ ಬುತ್ತಿ ಬಿಚ್ಚಿಕೊಂಡು, ಸಂಜೆಯ ಹೊತ್ತಿಗೆ ಕಲಬುರಗಿಗೆ ಮರಳಬಹುದು. ಮನೆಗೆ ಬಂದ ಮೇಲೆ ಮಹಾವೀರಾಚಾರ್ಯನ ಕಾಲದ ಗಣಿತ ಹೇಗಿತ್ತೆಂದು ಮಗಳೇ ಹುಡುಕಿ ಓದಲಿ.

ಉತ್ತರ: ನಿವೃತ್ತ ಶಿಕ್ಷಕ, ಶಹಾಪುರ

ಸೇಡಂನವರು ಹೇಳಿದ್ದು ಸರಿ. ಮಳಖೇಡ ದೀಪಾವಳಿಯ ನಂತರ ಇರಲಿ, ಸನ್ನತಿ ಡಿಸೆಂಬರಿನಲ್ಲಿ. ನಮ್ಮ ಕಡೆಯ ಸ್ಥಳಗಳನ್ನು ಜನವರಿಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಎರೆಮಣ್ಣಿನ ಹೊಲಗಳಲ್ಲಿ ಕಾಲಿಡಲಾಗದು; ಮಾರ್ಚ್ ಕಳೆದರೆ ನೆರಳಿಲ್ಲದ ಬಯಲಿನಲ್ಲಿ ಮಕ್ಕಳನ್ನು ನಿಲ್ಲಿಸಬಾರದು. ಕೋಟೆ, ಮಸೀದಿ, ಮದರಸಾಗಳಲ್ಲಿ ಮಳೆ ಬಂದರೂ ತಲೆ ಮೇಲೆ ಸೂರು ಇರುತ್ತದೆ, ಆದ್ದರಿಂದ ಅವನ್ನು ಮೊದಲು ಮುಗಿಸುವುದು ಋತುಮಾನಕ್ಕೂ ಹೊಂದುತ್ತದೆ.

ವಿಭೂತಿಹಳ್ಳಿಯಲ್ಲಿ ನೂರಾರು ಗುಂಡುಗಲ್ಲುಗಳನ್ನು ಸಾಲು ಸಾಲಾಗಿ ಇಟ್ಟಿದ್ದಾರೆ. ಏಕೆ ಇಟ್ಟರೆಂಬುದು ವಿದ್ವಾಂಸರಲ್ಲೇ ಇತ್ಯರ್ಥವಾಗಿಲ್ಲ. ಸಾಲುಗಳು ಯಾವ ದಿಕ್ಕಿಗೆ ಹೋಗುತ್ತವೆ ಎಂದು ಮಗ ದಿಕ್ಸೂಚಿ ಹಿಡಿದು ಬರೆದುಕೊಳ್ಳಲಿ. ರಾಜನಕೋಳೂರಿನ ಕಲ್ಗೋರಿಗಳನ್ನೂ ಸೇರಿಸಿಕೊಳ್ಳಿ. ದೊಡ್ಡ ಹಾಸುಗಲ್ಲುಗಳನ್ನು ನಿಲ್ಲಿಸಿ ಮೇಲೊಂದು ಕಲ್ಲು ಹೊದಿಸಿದ ಇವುಗಳ ಬಗ್ಗೆ 19ನೆಯ ಶತಮಾನದಲ್ಲೇ ಮೆಡೋಸ್ ಟೇಲರ್ ಬರೆದ. ಅವನು ಸುರಪುರ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದವನು. ಅವನ ಬಂಗಲೆ ಸುರಪುರದಲ್ಲಿ ಇಂದಿಗೂ ಇದೆ. ಇಸಾಂಪುರ ಇವೆಲ್ಲದರ ಕೊನೆಗೆ. ಅಲ್ಲಿ ಕಲ್ಲಿನ ಚೂರನ್ನು ಕೈಯಲ್ಲಿ ಹಿಡಿದು ನೋಡಿ ಅದೇ ಜಾಗದಲ್ಲಿ ಇಡಬೇಕು, ಒಂದನ್ನೂ ಮನೆಗೆ ತರಬಾರದು. ಕಲ್ಲು ಎಲ್ಲಿ ಬಿದ್ದಿದೆ ಎಂಬುದೇ ಸಂಶೋಧಕರಿಗೆ ಸಾಕ್ಷ್ಯ. ಹೊಲದ ಯಜಮಾನರನ್ನು ಕೇಳಿಯೇ ಒಳಗೆ ಹೋಗಿ.

ಇನ್ನೆರಡು ಸಣ್ಣ ವಿಷಯಗಳು. ಕೇಂದ್ರ ಪುರಾತತ್ತ್ವ ಇಲಾಖೆಯ ಟಿಕೆಟ್ ಇರುವ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ಇಲಾಖೆಯ ಸ್ಥಳ ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ, ಬೀದರ್‌ಗೆ ಹೊರಡುವಾಗ ಇದನ್ನು ಗಮನದಲ್ಲಿಡಿ. ಹುಣಸಗಿ ಕಡೆಗೆ ಬರುವಾಗ ಬುತ್ತಿ, ಕುಡಿಯುವ ನೀರು ಎರಡನ್ನೂ ಮನೆಯಿಂದಲೇ ತನ್ನಿ.