ಐಸ್ ಹಾಕಿ ಗೋಲ್‌ಕೀಪರ್ ಒಂದು ಸೀಸನ್‌ಗೆ ಎಷ್ಟು ಪಂದ್ಯ ಆಡಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಟೊರೊಂಟೊ ಹತ್ತಿರ ಇದ್ದೇವೆ. ಮಗನಿಗೆ 13 ವರ್ಷ, ಐಸ್ ಹಾಕಿ ಗೋಲ್‌ಕೀಪರ್. ತಂಡದ ಇನ್ನೊಬ್ಬ ಹುಡುಗ ಬಿಟ್ಟುಹೋದ ಮೇಲೆ ಎಲ್ಲ ಪಂದ್ಯಕ್ಕೂ ಇವನೇ. ನನಗೆ ಆತಂಕ. ಆದರೆ ಇಲ್ಲಿನ ಹಿರಿಯರು ಹಳೆಯ ಕಾಲದ ಗೋಲ್‌ಕೀಪರ್ ಗ್ಲೆನ್ ಹಾಲ್ ಹೆಸರು ಹೇಳುತ್ತಾರೆ. ಅವರು ಸತತ 502 ಪಂದ್ಯ ಆಡಿದ್ದರಂತೆ, ಈಗಿನವರು ಒಂದು ಸೀಸನ್‌ಗೆ 55 ಆಡಿದರೆ ದೊಡ್ಡದಂತೆ. ಆಗಿನವರು ಅಷ್ಟು ಗಟ್ಟಿಯಾಗಿದ್ದರಾ?

ಉತ್ತರ (ಸ್ಪೋರ್ಟ್ಸ್ ಫಿಸಿಯೋ): ನಮಸ್ಕಾರ ಸರ್. ಹಾಲ್ ಅವರ ದಾಖಲೆ ನಿಜ. 1955ರಿಂದ 1962ರ ನವೆಂಬರ್‌ವರೆಗೆ ಡೆಟ್ರಾಯಿಟ್‌ಗೆ, ಆಮೇಲೆ ಶಿಕಾಗೋಗೆ ಒಂದು ಪಂದ್ಯವನ್ನೂ ಬಿಡದೆ ಆಡಿದರು, ಅದೂ ಮುಖಕ್ಕೆ ಮಾಸ್ಕ್ ಇಲ್ಲದೆ. ಕೊನೆಗೆ ತಡೆದದ್ದು ಬೆನ್ನುನೋವು. ಗಟ್ಟಿತನದ ಬಗ್ಗೆ ಎರಡು ಮಾತಿಲ್ಲ.

ಆದರೆ ಆಗ ಎನ್‌ಎಚ್‌ಎಲ್‌ನಲ್ಲಿ (ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್) ಇದ್ದದ್ದೇ 6 ತಂಡ. ಎರಡನೇ ಗೋಲ್‌ಕೀಪರ್ ಸಜ್ಜಾಗಿ ಕೂತಿರಬೇಕು ಅನ್ನುವ ನಿಯಮ ಬಂದದ್ದು 1960ರ ದಶಕದ ನಡುವೆ. ಅಲ್ಲಿಯವರೆಗೆ ನೋವಿದ್ದರೂ ಆಡುವುದು ಬಿಟ್ಟರೆ ಹೆಚ್ಚು ದಾರಿ ಇರಲಿಲ್ಲ. ರಜೆ ತಗೊಂಡರೆ ಜಾಗ ಹೋಗುವ ಭಯ ಬೇರೆ. ಅದನ್ನು ಆ ಕಾಲದ ದೇಹ ತಡೆಯುತ್ತಿದ್ದ ಅಳತೆ ಅಂತ ನಾನು ಒಪ್ಪುವುದಿಲ್ಲ. ತಡೆಯಲಾಗದವರೂ ಆಡಿದ್ದಾರೆ.

ಇನ್ನೊಂದು, ಪಂದ್ಯ ಎಣಿಸಿದರೆ ಭಾರ ಗೊತ್ತಾಗಲ್ಲ. 2003-04ರ ಸೀಸನ್ ನೋಡಿ. ನ್ಯೂಜೆರ್ಸಿಯ ಮಾರ್ಟಿನ್ ಬ್ರೊಡೂರ್ 75 ಪಂದ್ಯ ಆಡಿದರು, ಎದುರಿಸಿದ್ದು ಸುಮಾರು 1,850 ಶಾಟ್ (ಗೋಲ್‌ನತ್ತ ಬಂದ ಹೊಡೆತ). ಫ್ಲೋರಿಡಾದ ರಾಬರ್ಟೋ ಲುಯಾಂಗೊ ಆಡಿದ್ದು 72 ಪಂದ್ಯ, ಎದುರಿಸಿದ್ದು 2,475 ಶಾಟ್. ಮೂರು ಪಂದ್ಯ ಕಮ್ಮಿ, ಆದರೆ 600ಕ್ಕೂ ಜಾಸ್ತಿ ಶಾಟ್! ಬ್ರೊಡೂರ್ ಮುಂದೆ ಗಟ್ಟಿ ಡಿಫೆನ್ಸ್ ಇತ್ತು. ಅವರು ಸ್ವತಃ ಗೋಲ್ ಬಿಟ್ಟು ಹೊರಗೆ ಬಂದು ಪಕ್ (ಆಟದ ರಬ್ಬರ್ ಬಿಲ್ಲೆ) ಅನ್ನು ಸ್ಟಿಕ್‌ನಿಂದ ಸಹ ಆಟಗಾರರಿಗೆ ದಾಟಿಸುತ್ತಿದ್ದರು, ಎದುರಾಳಿಗೆ ಒತ್ತಡ ಹಾಕುವ ಅವಕಾಶವೇ ಕಮ್ಮಿ. ಪ್ರತಿ ಸಲವೂ ಮಂಡಿಯೂರಿ ಬೀಳುತ್ತಲೂ ಇರಲಿಲ್ಲ. 2006-07ರಲ್ಲಿ 78 ಪಂದ್ಯ ಆಡಲು ಆದದ್ದರ ಹಿಂದೆ ಇದೆಲ್ಲ ಇದೆ.

ಪ್ರಶ್ನೆ: ಮಂಡಿಯೂರಿ ಬೀಳುವುದು ಅಂದರೆ ಬಟರ್‌ಫ್ಲೈ ತಾನೇ? ಮಗನಿಗೆ ಕೋಚ್ ಕಲಿಸುತ್ತಿರುವುದು ಅದನ್ನೇ.

ಉತ್ತರ: ಹೌದು, ಮಂಡಿ ಊರಿ ಕೆಳಗಾಲುಗಳನ್ನು ಎರಡೂ ಬದಿಗೆ ಚಾಚುವುದು. ನನ್ನ ಚಿಂತೆ ಇರುವುದೂ ಅಲ್ಲೇ. ಹಾಲ್ ಅದನ್ನು ಮೊದಲು ಬಳಸಿದವರಲ್ಲಿ ಒಬ್ಬರು. ಆದರೆ ಆಗ ಬಹುತೇಕರು ನಿಂತೇ ತಡೆಯುತ್ತಿದ್ದರು. ಮಾಸ್ಕ್ ಇಲ್ಲದ ಮುಖವನ್ನು ಪಕ್‌ನ ಮಟ್ಟಕ್ಕೆ ತರುವ ಧೈರ್ಯ ಯಾರಿಗಿರುತ್ತೆ? ಗೋಲ್‌ಕೀಪರ್ ಜಾಕ್ ಪ್ಲಾಂಟ್ 1959ರಲ್ಲಿ ಮಾಸ್ಕ್ ತೊಟ್ಟ ಮೇಲೆ ಬೇರೆಯವರೂ ನಿಧಾನವಾಗಿ ತೊಟ್ಟರು. ಮುಂದೆ ಗೋಲ್‌ಕೀಪರ್ ಪ್ಯಾಟ್ರಿಕ್ ರುವಾ ಬಂದಮೇಲೆ ಬಟರ್‌ಫ್ಲೈ ಎಲ್ಲ ಕಡೆ ಹರಡಿತು. ಈಗ ಪ್ಯಾಡ್ ಹಗುರ, ಬಿದ್ದು ಜಾರಿ ಏಳುವುದು ಕ್ಷಣಾರ್ಧದ ಕೆಲಸ. ಒಂದು ಪಂದ್ಯದಲ್ಲಿ ಇದನ್ನು ಎಷ್ಟೋ ಸಲ ಮಾಡುತ್ತಾರೆ, ಪ್ರಾಕ್ಟೀಸ್‌ನಲ್ಲಿ ಇನ್ನೂ ಜಾಸ್ತಿ. ಪ್ರತಿ ಸಲ ತೊಡೆಮೂಳೆ ಒಳಕ್ಕೆ ತಿರುಗಿ ಹಿಪ್ ಜಾಯಿಂಟ್‌ನ ಅಂಚಿಗೆ ಒತ್ತುತ್ತದೆ. ಒಳಗಿನ ಮೃದ್ವಸ್ಥಿ ಸವೆಯುವುದು, ಹರಿಯುವುದು ಹೀಗೆಯೇ.

ಅದಕ್ಕೇ ಎನ್‌ಎಚ್‌ಎಲ್‌ನ 82 ಪಂದ್ಯದ ಸೀಸನ್‌ನಲ್ಲಿ ಒಬ್ಬರಿಗೆ 50ರಿಂದ 55 ಸಾಕು ಅಂತ ನನ್ನ ಅಭಿಪ್ರಾಯ. 60 ದಾಟಿದರೆ, ಅದೂ ಸತತ ಎರಡು ರಾತ್ರಿ ಆಡಿಸಿದರೆ, ಪ್ಲೇಆಫ್ ಹೊತ್ತಿಗೆ ಅದರ ಬೆಲೆ ತೆರಬೇಕಾಗಬಹುದು. 2018ರಲ್ಲಿ ವಾಷಿಂಗ್ಟನ್ ಸ್ಟಾನ್ಲಿ ಕಪ್ (ಎನ್‌ಎಚ್‌ಎಲ್ ಚಾಂಪಿಯನ್ ಕಪ್) ಗೆದ್ದಾಗ ಬ್ರೇಡನ್ ಹೋಲ್ಟ್‌ಬಿ ಲೀಗ್ ಹಂತದಲ್ಲಿ ಆಡಿದ್ದು 54, ಫಿಲಿಪ್ ಗ್ರುಬಾವರ್ 35. ಪ್ಲೇಆಫ್‌ನ ಮೊದಲ ಎರಡು ಪಂದ್ಯ ಶುರು ಮಾಡಿದ್ದೂ ಗ್ರುಬಾವರ್! ಹಂಚಿಕೊಂಡರೆ ಕಪ್ ಖಚಿತ ಅಂತಲ್ಲ. ಬಾಸ್ಟನ್ 2022-23ರಲ್ಲಿ ಇಬ್ಬರನ್ನು ಚೆನ್ನಾಗಿ ಹಂಚಿ ಆಡಿಸಿ, ದಾಖಲೆಯ 65 ಪಂದ್ಯ ಗೆದ್ದು, ಮೊದಲ ಸುತ್ತಿನಲ್ಲೇ ಹೊರಬಿತ್ತು.

ಪ್ರಶ್ನೆ: ಹಾಗಾದರೆ ನನ್ನ ಮಗನಿಗೆ ಎಷ್ಟು ಪಂದ್ಯ?

ಉತ್ತರ: ದೊಡ್ಡವರ ಲೆಕ್ಕ ಅವನಿಗೆ ಬೇಡ ಸರ್. ಬೆಳೆಯುವ ವಯಸ್ಸಿನಲ್ಲಿ ಐಸ್ ಹಾಕಿ ಜಾಸ್ತಿ ಆಡಿದ ಮಕ್ಕಳಲ್ಲಿ ತೊಡೆಮೂಳೆಯ ತಲೆಯ ಬುಡ ಉಬ್ಬಿಕೊಳ್ಳುವುದು ಹೆಚ್ಚಾಗಿ ಕಾಣುತ್ತದೆ. ಮುಂದೆ ಹಿಪ್ ನೋವಿಗೆ ಅದೇ ದಾರಿ. ಪಂದ್ಯಕ್ಕಿಂತ ಮೊದಲು ಪ್ರಾಕ್ಟೀಸ್ ನೋಡಿ. ತಂಡದಲ್ಲಿ ಒಬ್ಬನೇ ಗೋಲ್‌ಕೀಪರ್ ಇದ್ದರೆ ಎಲ್ಲರ ಶಾಟ್ ಪ್ರಾಕ್ಟೀಸ್‌ಗೂ ಅವನೇ ನಿಲ್ಲಬೇಕಾಗುತ್ತೆ. ಅರ್ಧ ಹೊತ್ತು ಖಾಲಿ ಗೋಲ್‌ಗೆ ಹೊಡೆಯಲಿ ಅಂತ ಕೋಚ್‌ಗೆ ಹೇಳಿ. ಕೆಳಗಿನ ವಯಸ್ಸಿನ ತಂಡದಿಂದ ಒಬ್ಬನನ್ನು ಆಗಾಗ ಕರೆಸಲು ಆಗುತ್ತಾ ಕೇಳಿ. ಬೇಸಿಗೆಯಲ್ಲಿ ಗೋಲ್‌ಕೀಪಿಂಗ್ ಕ್ಯಾಂಪ್ ಬಿಟ್ಟು ಈಜು, ಫುಟ್‌ಬಾಲ್, ಕ್ರಿಕೆಟ್ ಏನಾದರೂ ಆಡಲಿ. ತೊಡೆಸಂದಿನಲ್ಲಿ ನೋವು ಅಂದರೆ, ಅಥವಾ ಕಾರಿನಿಂದ ಇಳಿಯುವಾಗ ಮುಖ ಕಿವುಚಿದರೆ, ಆ ವಾರ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಈಗಾಗಲೇ ನೋವಿದೆಯಾ? ಇದ್ದರೆ ಯಾವ ಕಡೆ, ಎಷ್ಟು ದಿನದಿಂದ ಅಂತ ಇಲ್ಲೇ ಬರೆಯಿರಿ.